ಒಣ ದ್ವೀಪ, ಒದ್ದೆ ದ್ವೀಪ

ಬನಾಬಾ
14 ಮಾರ್ಚ್ 1981

ಪ್ರೀತಿಯ ಟೆಬೋರಾ ಅಕ್ಕನಿಗೆ,

ನಾವು ಮೂವರೂ ಕ್ಷೇಮವಾಗಿ ತಲುಪಿದ್ದೇವೆ. ದಾರಿಯುದ್ದಕ್ಕೂ ರೂತಾ ಹಡಗಿನ ಕಂಬಿ ಹಿಡಿದು ವಾಂತಿ ಮಾಡಿದ್ದೇ ಮಾಡಿದ್ದು. ಮಗಳು ಮೋವಾ ಮಾತ್ರ ನಾವಿಕರ ಹತ್ತಿರ ಇಸ್ಪೀಟು ಕಲಿತು, ಅವರನ್ನೇ ಸೋಲಿಸಿ, ಇಳಿಯುವಾಗ ಇಳಿಯಲೊಲ್ಲೆ ಎಂದು ಅತ್ತಳು.

ಹೊರಡುವ ದಿನ ನೀನು ಎಲ್ಲರೆದುರು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ಐದು ವರ್ಷದ ಕೂಸು ಬಿಟ್ಟುಬಂದ ದ್ವೀಪಾನ ಹುಡುಕ್ಕೊಂಡು ಈಗ ಇಷ್ಟು ದೊಡ್ಡ ಗಂಡಸು ಹೊರಟಿದಾನೆ. ಸಿಗುತ್ತೇನೋ ನೋಡೋಣ!" ಸಿಕ್ಕಿದೆ ಅಕ್ಕ. ನಡುಭಾಗವನ್ನೆಲ್ಲ ಗಣಿ ಕಂಪನಿಯವರು ಗೊಬ್ಬರದ ಮಣ್ಣಿಗಾಗಿ ಅಗೆದು ಒಯ್ದಿದ್ದಾರೆ, ಬರೀ ಕಲ್ಲಿನ ಮೊನೆಗಳು ನಿಂತಿವೆ. ಆದರೆ ಸಮುದ್ರದ ಬದಿಗೆ ಅಪ್ಪನ ಜಮೀನಿನ ಒಂದು ಪಟ್ಟಿ ಹಾಗೆಯೇ ಉಳಿದಿದೆ. ಮುದುಕರೊಬ್ಬರು ಕರೆದುಕೊಂಡು ಹೋಗಿ ಎಲ್ಲೆ ತೋರಿಸಿದರು. ಅಲ್ಲಿ ಕಾಡುಬಾದಾಮಿ ಮರಗಳಿವೆ. ನಿನ್ನ ಪಾಲೂ ಅದರಲ್ಲಿದೆ.

ಕಂಪನಿಯವರು ಬಿಟ್ಟುಹೋದ ಮನೆಯಲ್ಲಿ ಇದ್ದೇವೆ. ಮೂರು ಕೋಣೆ, ಸಿಮೆಂಟಿನ ನೆಲ. ರಾಂಬಿಯಲ್ಲಿ ಒಗೆದ ಬಟ್ಟೆ ಒಣಗಲು ವಾರ ಬೇಕು, ಇಲ್ಲಿ ಒಂದು ಬಟ್ಟೆ ಹಿಂಡಿ ಇನ್ನೊಂದನ್ನು ಹರವುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಕೆಸರಿಲ್ಲ. ಸೊಳ್ಳೆ ಕಡಿಮೆ. ಮೀನಂತೂ ಕೇಳಬೇಡ. ದೋಣಿ ದಡ ಬಿಟ್ಟ ಕೂಡಲೇ ನೀರು ಆಳ, ಅಲ್ಲೇ ಟ್ಯೂನಾ. ಹಾರುವ ಮೀನು ರಾತ್ರಿ ಬೆಳಕಿಗೆ ತಾನೇ ಬಂದು ಬಲೆಗೆ ಬೀಳುತ್ತದೆ. ಶಾಲೆಯಲ್ಲಿ ಒಬ್ಬ ಮೇಷ್ಟ್ರು ಇದ್ದಾರೆ. ದಾದಿಯೊಬ್ಬರು ಇದ್ದಾರೆ.

ನೀನು ಅಲ್ಲಿ ಒಬ್ಬಳೇ ಇದ್ದು ಏನು ಮಾಡುತ್ತೀಯ? ಭಾವ ಹೋಗಿ ನಾಲ್ಕು ವರ್ಷವಾಯಿತು. ಬಂದುಬಿಡು. ಒಂದು ಕೋಣೆ ನಿನಗೆಂದೇ ಬಿಟ್ಟಿದ್ದೇನೆ.

ನಿನ್ನ ತಮ್ಮ,
ತವಾಯಾ

---

ರಾಂಬಿ ದ್ವೀಪ, ಫಿಜಿ
2 ಜೂನ್ 1981

ತಮ್ಮ ತವಾಯಾನಿಗೆ,

ನಿನ್ನ ಕಾಗದ ಬಂದು ತಲುಪಿತು. ಇಗರ್ಜಿಯ ಅಂಗಳದಲ್ಲಿ ನಾಲ್ಕು ಜನಕ್ಕೆ ಓದಿ ಹೇಳಿದೆ. ಮೋವಾಳ ಇಸ್ಪೀಟಿನ ಕಥೆ ಕೇಳಿ ಪಾದ್ರಿಗಳೂ ನಕ್ಕರು.

ನಾಲ್ಕು ಪುಟದಲ್ಲಿ ಮೀನು ಎಷ್ಟು ಸಲ ಬಂದಿದೆ ಎಂದು ಎಣಿಸುತ್ತ ಹೋದೆ, ಬಿಟ್ಟುಬಿಟ್ಟೆ. ಆದರೆ ಕುಡಿಯುವ ನೀರು ಎಂಬ ಮಾತು ಒಂದು ಸಲವೂ ಬಂದಿಲ್ಲ. ಏನು ಕುಡಿಯುತ್ತೀರಿ? ಕಂಪನಿಯ ಕಾಲದಲ್ಲಿ ಅವರು ಯಂತ್ರದಲ್ಲಿ ಸಮುದ್ರದ ನೀರು ಕಾಸಿ ಸಿಹಿ ಮಾಡುತ್ತಿದ್ದರು. ಆ ಯಂತ್ರ ನಡೆಯುತ್ತಿದೆಯೋ? ಬರೆ.

ಇಲ್ಲಿ ಒಬ್ಬಳೇ ಇದ್ದು ಏನು ಮಾಡುತ್ತೀಯ ಎಂದು ಕೇಳಿದ್ದೀಯ. ಮನೆಯ ಹಿಂದೆ ಹೊಳೆ ಇದೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಅದರ ಸದ್ದು. ಮರಗೆಣಸಿನ ಕಡ್ಡಿ ನೆಲಕ್ಕೆ ಚುಚ್ಚಿ ಮರೆತುಬಿಟ್ಟರೂ ಗೆಣಸು ಬರುತ್ತದೆ. ಕೆಸುವಿದೆ, ಬಾಳೆಯಿದೆ. ಕಾಯಿಲೆಯಾದರೆ ದೋಣಿ ಹತ್ತಿ ಸಾವುಸಾವು ಪಟ್ಟಣದ ಆಸ್ಪತ್ರೆಗೆ ಹೋಗಬಹುದು. ಹೌದು, ಮಳೆ ಜಾಸ್ತಿ. ಕೆಸರೂ ಇದೆ. ಮಾರ್ಚಿನಲ್ಲಿ ಗಾಳಿಮಳೆ ಬಂದು ನಾಲ್ಕೈದು ಬಾಳೆ ಬಿದ್ದವು, ಬೇರೇನೂ ಆಗಲಿಲ್ಲ. ನಾನು ಚೆನ್ನಾಗಿದ್ದೇನೆ. ನಿನ್ನ ಒಂದು ಕೋಣೆ ಹಾಗೇ ಇರಲಿ, ಅದರಲ್ಲಿ ಮೀನು ಒಣಗಿಸು.

ರೂತಾಳಿಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು. ಆ ಬಿಸಿಲು ಅವಳಿಗೆ ಗೊತ್ತಿಲ್ಲ.

ಟೆಬೋರಾ

---

ಬನಾಬಾ
20 ಸೆಪ್ಟೆಂಬರ್ 1981

ಅಕ್ಕ,

ಹಡಗು ನಿಲ್ಲುವುದು ಅರ್ಧ ದಿನ. ಅಲೆ ಏರುತ್ತಿದೆ ಎಂದು ಕ್ಯಾಪ್ಟನ್ ಅರ್ಧ ಸಾಮಾನು ಇಳಿಸದೆಯೇ ಹೊರಡುತ್ತಿದ್ದಾನೆ. ಅಕ್ಕಿ ಬಂತು, ಸಕ್ಕರೆ ಬರಲಿಲ್ಲ. ಆದ್ದರಿಂದ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ.

ಸಿಹಿ ಸುದ್ದಿ ಮೊದಲು ಹೇಳುತ್ತೇನೆ. ರೂತಾ ಬಸುರಿ. ಬನಾಬಾದಲ್ಲಿ ಹುಟ್ಟುವ ಮಗು ಅಕ್ಕ! ನನ್ನ ನಂತರ ನಮ್ಮ ಮನೆಯಲ್ಲಿ ಇಲ್ಲಿ ಹುಟ್ಟುವ ಮೊದಲನೆಯದು.

ನೀರಿನದು ಏನೂ ತೊಂದರೆ ಇಲ್ಲ. ತೊಟ್ಟಿಗಳಿವೆ.

ಹೊಳೆ, ಮರಗೆಣಸು, ಆಸ್ಪತ್ರೆ ಎಂದು ನೀನು ಬರೆದದ್ದನ್ನು ಓದಿ ಸಿಟ್ಟು ಬಂತು. ಯುದ್ಧದ ನಡುವೆ ನಮ್ಮನ್ನು ಇಲ್ಲಿಂದ ಎಬ್ಬಿಸಿ ಬೇರೆ ದ್ವೀಪಗಳಿಗೆ ಸಾಗಿಸಿದಾಗ ನನಗೆ ಐದು ವರ್ಷ, ಯುದ್ಧ ಮುಗಿದ ವರ್ಷ ನಮ್ಮನ್ನೆಲ್ಲ ಹಡಗಿಗೆ ತುಂಬಿ ರಾಂಬಿಯಲ್ಲಿ ಇಳಿಸಿದಾಗ ಏಳು. ನನಗೇನೂ ನೆನಪಿಲ್ಲ ಎಂದು ನೀನು ತಿಳಿದಿದ್ದೀಯ. ಗುಡಾರ ನೆನಪಿದೆ. ಗುಡಾರದ ಒಳಗೆ ಹರಿದ ನೀರು ನೆನಪಿದೆ. ಅಜ್ಜಿ ಒಂದೇ ಒದ್ದೆ ಕಂಬಳಿಯಲ್ಲಿ ನನ್ನನ್ನೂ ನಿನ್ನನ್ನೂ ಸುತ್ತಿಕೊಂಡು ಕೂತದ್ದು ನೆನಪಿದೆ. ಆ ಮಳೆಗಾಲ ದಾಟದೆ ಸತ್ತ ಮುದುಕರಲ್ಲಿ ಅವಳೂ ಒಬ್ಬಳು. ಅವಳನ್ನು ಕೊಂದದ್ದು ನಿನ್ನ ಆ ಮಳೆ. ಅದನ್ನು ಹೊಗಳಿ ನನಗೆ ಬರೆಯಬೇಡ.

ತವಾಯಾ

---

ರಾಂಬಿ
28 ನವೆಂಬರ್ 1981

ತವಾಯಾ,

ಅಜ್ಜಿ ಸತ್ತಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆ ಮಳೆ ಏನು ಮಾಡಿತು ಎಂದು ನೀನು ನನಗೆ ಹೇಳಿಕೊಡಬೇಡ.

ನಿಮ್ಮ ಹಾಗೇ ಅಲ್ಲಿಗೆ ಹೋಗಿದ್ದ ಕಬೂರೆ ನಿನ್ನ ಕಾಗದ ತಂದ ಹಡಗಿನಲ್ಲೇ ಹಿಂದಿರುಗಿ ಬಂದನಲ್ಲ, ಅವನನ್ನು ಜೆಟ್ಟಿಯಲ್ಲೇ ಹಿಡಿದೆ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಗೊತ್ತಲ್ಲ.

"ಹೆಂಗಿದಾರಪ್ಪಾ ನಮ್ಮೋರು?" ಎಂದೆ.

"ಚೆನ್ನಾಗಿದಾರಕ್ಕ. ಮೀನಿಗೇನೂ ಬರ ಇಲ್ಲ."

"ಮೀನು ಬಿಡು, ನೀರು?"

ಅವನು ಚೀಲ ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಮಗ್ಗಿನ ಲೆಕ್ಕದಲ್ಲಿ ಹಂಚ್ತಾರಕ್ಕ. ಯಂತ್ರ ತುಕ್ಕು ಹಿಡಿದು ಎಷ್ಟು ಕಾಲ ಆಯ್ತೋ. ಎರಡು ತೊಟ್ಟಿ ಬಿರುಕು ಬಿಟ್ಟಿವೆ. ಮಳೆ ಬಂದೇ ಇಲ್ಲ. ನಾನು ವಾಪಸ್ ಬಂದಿದ್ದು ಮತ್ಯಾಕೆ?"

ಬಸುರಿ ಹೆಂಗಸನ್ನು ಇಟ್ಟುಕೊಂಡು "ತೊಟ್ಟಿಗಳಿವೆ" ಎಂದು ಬರೆಯುತ್ತೀಯಲ್ಲ! ತೊಟ್ಟಿ ಇರುವುದು ಯಾರಿಗೆ ಬೇಕು? ಅದರೊಳಗೆ ಏನಿದೆ ಎಂದು ಬರೆ. ಮುಂದಿನ ಹಡಗಿನಲ್ಲಿ ರೂತಾಳನ್ನೂ ಮೋವಾಳನ್ನೂ ಕಳಿಸು. ನೀನು ನಿನ್ನ ಬಾದಾಮಿ ಮರ ಕಾಯುತ್ತ ಕೂತಿರು.

ಟೆಬೋರಾ

---

ಬನಾಬಾ
17 ಜನವರಿ 1982

ಅಕ್ಕ,

ಇದು ಸರ್ಕಾರದ ಚಿಕ್ಕ ಹಡಗು. ಸರ್ಕಾರ ಕೂತಿರುವ ಟರಾವಾ ದ್ವೀಪಕ್ಕೆ ಹೋಗುತ್ತದೆ, ಅಲ್ಲಿಂದ ನಿನಗೆ ಯಾವಾಗ ಸೇರುತ್ತದೋ ಗೊತ್ತಿಲ್ಲ. ಜನರನ್ನು ಹತ್ತಿಸಿಕೊಳ್ಳಲು ಅದರಲ್ಲಿ ಜಾಗವಿಲ್ಲ.

ಕಬೂರೆ ಹೇಳಿದ್ದು ನಿಜ. ಈಗ ಅದಕ್ಕಿಂತ ಕೆಟ್ಟಿದೆ. ರೂತಾಳಿಗೆ ಜ್ವರ ಬಂದು ಬಿಟ್ಟು ಬರುತ್ತಿದೆ, ಸೊಂಟದಲ್ಲಿ ನೋವು. ನೀರು ಸಾಲದೆ ಹೀಗಾಗಿದೆ, ತುಂಬಾ ಕುಡಿಯಬೇಕು ಎಂದು ದಾದಿ ಹೇಳಿದರು. ಹೇಳಿ ತಾವೇ ತಲೆ ತಗ್ಗಿಸಿದರು. ಮೋವಾ ತನ್ನ ಮಗ್ಗಿನಿಂದ ಅಮ್ಮನಿಗೆ ಸುರಿಯುತ್ತಾಳೆ, ನಾನು ನೋಡಿದರೆ ಬೇರೆ ಕಡೆ ತಿರುಗುತ್ತಾಳೆ.

ಇನ್ನೊಂದು ವಿಷಯ. ಟರಾವಾ ಸರ್ಕಾರ ಇಲ್ಲಿ ಒಬ್ಬ ಪೊಲೀಸಿನವನನ್ನು ಇಟ್ಟಿದೆ. ಈ ದ್ವೀಪ ನಮ್ಮದೋ ಅವರದೋ ಎಂಬ ಜಗಳ ನಿನಗೆ ಗೊತ್ತಿದೆ. ನಾನು ಅವನೊಡನೆ ಮಾತಾಡುವುದಿಲ್ಲ. ಅವನ ಹೆಂಡತಿ ಟೆರೇಟಿಯಾ ದಿನಾ ಸಂಜೆ ತನ್ನ ಮನೆಯ ನೀರಿನಲ್ಲಿ ಒಂದು ಬಾಟಲಿ ತಂದು ನಮ್ಮ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಾಳೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಥ್ಯಾಂಕ್ಸ್ ಎನ್ನಲೂ ಬರಲಿಲ್ಲ.

ಅಜ್ಜಿ ನಿನ್ನನ್ನು ನೀರಿನ ಗುಹೆಗೆ ಕರೆದುಕೊಂಡು ಹೋಗುತ್ತಿದ್ದಳಲ್ಲ, ಅದು ಎಲ್ಲಿದೆ? ಗಂಡಸರು ಅಲ್ಲಿಗೆ ಹೋಗಬಾರದು ಎಂದು ಗೊತ್ತಿದೆ, ನಾನು ಹೋಗುವುದಿಲ್ಲ. ರೂತಾಳ ಹೆಸರಿಗೆ ಬರೆದು ಮುಚ್ಚಿ ಕಳಿಸು. ನಾನು ಒಡೆಯುವುದಿಲ್ಲ.

ತವಾಯಾ

---

ಸುವಾ ಬಂದರು, ಫಿಜಿ
6 ಮಾರ್ಚ್ 1982

ತವಾಯಾ,

ಅದು ಬರೆದು ತಿಳಿಸುವ ವಿಷಯವಲ್ಲ. ನಲವತ್ತು ವರ್ಷದ ಹಿಂದೆ ಕತ್ತಲಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದ ದಾರಿ, ಕಾಲಿಗೆ ನೆನಪಿದ್ದರೆ ಉಂಟು, ಕಾಗದಕ್ಕೆ ಬಾರದು. ಹೊರಟಿದ್ದೇನೆ. ನೀರಿನ ಪೀಪಾಯಿಗಳನ್ನೂ ತರುತ್ತಿದ್ದೇನೆ.

ಈ ಕಾಗದ ಬೇರೆ ಹಡಗಿನಲ್ಲಿ ಬರುತ್ತದೆ. ಇದಕ್ಕಿಂತ ಮೊದಲು ನಾನೇ ಬಂದರೂ ಬಂದೆ. ರೂತಾಳ ಗಂಟು ಕಟ್ಟಿ ಇಟ್ಟಿರು. ನಾನು ಇಳಿದ ಹಡಗನ್ನು ಅವಳು ಹತ್ತಬೇಕು.

ಟೆಬೋರಾ

---

ರಾಂಬಿ
19 ಜೂನ್ 1982

ಅಕ್ಕನಿಗೆ,

ಗಂಡುಮಗು. ರೂತಾ ಬಡವಾಗಿದ್ದಾಳೆ, ಆದರೆ ಜ್ವರ ಬಿಟ್ಟಿದೆ. ಟರಾವಾದ ಆಸ್ಪತ್ರೆಯಲ್ಲಿ ತುಂಬ ದಿನ ಇರಿಸಿಕೊಂಡು, ಆಮೇಲೆ ಸಾವುಸಾವುಗೆ ಕಳಿಸಿದರು. ಹೆರಿಗೆ ಅಲ್ಲೇ ಆಯಿತು. ಬನಾಬಾದ ಮಗು ಎಂದು ಕುಣಿದಾಡಿದೆನಲ್ಲ, ಫಿಜಿಯ ಮಗುವಾಯಿತು.

ನೀನು ಬನಾಬಾದಲ್ಲಿ ಇಳಿದು ನಾವು ಅದೇ ಹಡಗು ಹತ್ತಿದ ದಿನ ಜೆಟ್ಟಿಯಲ್ಲಿ ನಮಗೆ ಒಂದು ಗಂಟೆ ಸಿಕ್ಕಿತು. ಒಂದು ಗಂಟೆಯೂ ನಾವು ಪೀಪಾಯಿ, ಸೀಮೆಎಣ್ಣೆ, ಬಾಗಿಲ ಕೀಲಿ ಇಷ್ಟರ ಬಗ್ಗೆಯೇ ಮಾತಾಡಿದೆವು. ನೀನು ಕೆಮ್ಮಿದಾಗ "ಹಡಗಿನ ಗಾಳಿ" ಎಂದೆ. ನಾನು ನಂಬಿದೆ.

ನಿನ್ನ ಮನೆಗೆ ಬಂದು ಬೀಗ ತೆಗೆದೆ. ಅಡುಗೆಮನೆ ಎಲ್ಲಿ ಅಕ್ಕ? ಹಿಂದಿನ ಬಾಗಿಲು ತೆಗೆದರೆ ಎದುರಿಗೆ ಬರೀ ಇಳಿಜಾರು, ಕೆಳಗೆ ಹೊಳೆಯಲ್ಲಿ ನಿನ್ನ ಒಲೆಯ ಕಲ್ಲುಗಳು. "ನಾಲ್ಕೈದು ಬಾಳೆ ಬಿದ್ದವು, ಬೇರೇನೂ ಆಗಲಿಲ್ಲ" ಎಂದು ಬರೆದದ್ದು ಇದೇ ಗಾಳಿಮಳೆಗೆ ತಾನೆ? ನಿನ್ನ ಮಂಚದ ಬದಿಯ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಪಕ್ಕದ ಮನೆಯ ಕಟೇರಾ ಅಮ್ಮ ಹೇಳಿದರು: "ನಿಮ್ಮಕ್ಕ ಕೆಮ್ಮೋದು ನಮ್ಮನೇವರೆಗೂ ಕೇಳ್ತಿತ್ತು. ಎದೆಗೆ ತಂಡಿ ಇಳಿದಿದೆ, ಒಣ ಊರಿಗೆ ಹೋಗಿ ಅಂದ್ರಂತೆ ಡಾಕ್ಟ್ರು. ಒಣ ಊರು ಅಂದ್ರೆ ಯಾವ್ದು, ನನ್ನ ತಮ್ಮನ ಕಲ್ಲುಗುಡ್ಡೇನಾ ಅಂತ ನಕ್ಕುಬಿಟ್ಟಳು."

ಇದನ್ನು ಒಂದು ಸಾಲು ಬರೆಯಲು ನಿನಗೇನಾಗಿತ್ತು? ನಾನು ನೀರಿನ ಸುದ್ದಿ ಮುಚ್ಚಿಟ್ಟೆ ಎಂದು ಅಷ್ಟು ಬೈದೆಯಲ್ಲ.

ಹಿಂದಿನ ಗೋಡೆಗೆ ಹೊಸ ತಗಡು ಹೊಡೆಯುತ್ತಿದ್ದೇನೆ. ಮೋವಾ ಹೊಳೆಯಲ್ಲಿ ಬಿದ್ದುಕೊಂಡಿರುತ್ತಾಳೆ, ಊಟಕ್ಕೆ ಕರೆದರೆ ಬರುವುದಿಲ್ಲ. ನೀರನ್ನು ಬೊಗಸೆಯಲ್ಲಿ ತೆಗೆದು ಮತ್ತೆ ಹೊಳೆಗೇ ಚೆಲ್ಲುವುದು ಅವಳ ಆಟ.

ಗುಹೆ ಸಿಕ್ಕಿತೇ?

ತವಾಯಾ

---

ಬನಾಬಾ
30 ಆಗಸ್ಟ್ 1982

ತಮ್ಮ ತವಾಯಾನಿಗೆ,

ಮಗುವಿನ ಸುದ್ದಿ ಓದಿ ಸಂತೋಷವಾಯಿತು. ಎಲ್ಲಿ ಹುಟ್ಟಿದರೇನು, ಅಳುವುದು ಒಂದೇ ಥರ.

ಅಡುಗೆಮನೆಯ ವಿಷಯ ಬಿಡು. ಹೋದದ್ದು ಹೋಯಿತು. ಕೆಮ್ಮಿನ ಸುದ್ದಿ ಬರೆದಿದ್ದರೆ ನೀನು "ನೋಡಿದೆಯಾ, ನಾನು ಹೇಳಲಿಲ್ಲವೇ" ಎಂದು ಬರೆಯುತ್ತಿದ್ದೆ. ಅದನ್ನು ಓದುವುದಕ್ಕಿಂತ ಕೆಮ್ಮುವುದೇ ಮೇಲು ಅನಿಸಿತು. ಈಗ ಇಲ್ಲಿ ಕೆಮ್ಮು ಅಪರೂಪ. ನಿನಗೆ ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೂ ಬರೆದಿದ್ದೇನೆ.

ಗುಹೆ ಸಿಕ್ಕಿತು. ಮೊದಲ ತಿಂಗಳು ಸುಮ್ಮನೆ ಅಲೆದೆ. ಅಜ್ಜಿ ಗುರುತಿಗೆ ಹೇಳಿದ್ದ ಮರಗಳು ಇಲ್ಲ, ಬಂಡೆ ಇಲ್ಲ, ಅವಳು ತಿರುಗುತ್ತಿದ್ದ ದಾರಿಯೇ ಇಲ್ಲ, ಎಲ್ಲ ಹಡಗಿನಲ್ಲಿ ಹೋಗಿ ಯಾರದೋ ಹೊಲಕ್ಕೆ ಗೊಬ್ಬರವಾಗಿದೆ. ಕೊನೆಗೆ ಒಂದು ಮಧ್ಯಾಹ್ನ ಕೂತು, ಸಮುದ್ರದ ಸದ್ದು ಯಾವ ಕಡೆಯಿಂದ ಕೇಳುತ್ತಿತ್ತು ಎಂದು ಮಾತ್ರ ನೆನಪು ಮಾಡಿಕೊಂಡೆ. ಬಾಯಿ ಗಣಿಯ ಕಸದಲ್ಲಿ ಮುಚ್ಚಿಹೋಗಿತ್ತು. ತೆಗೆದೆ. ನನ್ನ ಮೈ ಆಗಿನ ಹಾಗಿಲ್ಲವಲ್ಲ, ಒಂದು ಕಡೆ ಸಿಕ್ಕಿಕೊಂಡು ಹಿಂದಕ್ಕೂ ಬರಲಾರದೆ ಮುಂದಕ್ಕೂ ಹೋಗಲಾರದೆ ಬಹಳ ಹೊತ್ತು ಬಿದ್ದಿದ್ದೆ. ಸೊಂಟದ ಚರ್ಮ ಕಿತ್ತುಹೋಯಿತು. ಆಮೇಲೆ ಕೈಗೆ ತಣ್ಣಗೆ ತಗುಲಿತು. ಹೆಚ್ಚು ನೀರಿಲ್ಲ. ಆದರೆ ಸಿಹಿ.

ಎಲ್ಲಿ ಎಂದು ಕೇಳಬೇಡ. ನೀನು ಗಂಡಸು.

ಹತ್ತಿರವಿದ್ದ ಎಲ್ಲ ಮನೆಗೂ ತೆಂಗಿನ ಚಿಪ್ಪಿನಲ್ಲಿ ಹೊತ್ತು ಕೊಟ್ಟೆ. ಒಬ್ಬಳೇ ಎಷ್ಟು ಹೊರಲಿ? "ನಮ್ಮ ಮನೆ ಹೆಣ್ಮಕ್ಕಳಿಗೆ ಬಿಟ್ಟು ಯಾರಿಗೂ ತೋರಿಸ್ಬೇಡ" ಎಂದು ಅಜ್ಜಿ ನನ್ನ ಕೈ ಹಿಡಿದು ಹೇಳಿದ್ದಳು. ನನಗೆ ಮಕ್ಕಳಾಗಲಿಲ್ಲ. ಉಳಿದವಳು ಮೋವಾ ಒಬ್ಬಳು. ಅವಳನ್ನು ಕಳಿಸು ತವಾಯಾ. ಅವಳು ತೆಳ್ಳಗಿದ್ದಾಳೆ, ಸುಲಭವಾಗಿ ಒಳಗೆ ಹೋಗುತ್ತಾಳೆ. ನೀನು ಬರುವುದಾದರೆ ನೀನೂ ಬಾ, ನಿನ್ನ ಜಮೀನು ಇಲ್ಲೇ ಇದೆ. ಅದನ್ನು ಬಿಟ್ಟುಕೊಡಲು ನೀನು ಹುಟ್ಟಿದವನಲ್ಲ.

ಅಕ್ಕ

---

ರಾಂಬಿ
25 ನವೆಂಬರ್ 1982

ಅಕ್ಕನಿಗೆ,

ನಿನ್ನ ಕಾಗದವನ್ನು ರೂತಾಳಿಗೆ ತೋರಿಸದೆ ಒಂದು ವಾರ ಇಟ್ಟುಕೊಂಡೆ. ನಂತರ ತೋರಿಸಿದೆ. ನಮ್ಮ ಮನೆಯಲ್ಲಿ ಇಷ್ಟು ದೊಡ್ಡ ಜಗಳ ಎಂದೂ ಆಗಿರಲಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಾನು, "ಮುಂದಿನ ವರ್ಷ ವಾಪಸ್ ಹೋಗೋಣ" ಎಂದೆ.

ಅವಳು ಮಗುವಿಗೆ ಹಾಲು ಕೊಡುತ್ತಿದ್ದಳು. ದನಿ ಎತ್ತಲಿಲ್ಲ. "ನೀನು ಹೋದ್ರೆ ಅದು ವಾಪಸ್ ಹೋಗೋದು. ನಾನು ಹೋದ್ರೆ ಅದು ಬರೀ ಹೋಗೋದು. ನಾನು ಹುಟ್ಟಿದ್ದು ಇಲ್ಲಿ. ನಮ್ಮಪ್ಪ ಅಮ್ಮ ಮಣ್ಣಾಗಿರೋದು ಇಲ್ಲಿ. ಅಲ್ಲಿ ನನ್ನದು ಅಂತ ಏನಿತ್ತು ಹೇಳು, ಆ ಪೊಲೀಸಿನವನ ಹೆಂಡ್ತಿ ಕೊಟ್ಟ ಬಾಟ್ಲಿ ಬಿಟ್ರೆ?"

"ಮೋವಾನಾದ್ರೂ ಕಳಿಸೋಣ. ಅಕ್ಕ ಕೇಳಿದಾಳೆ."

"ಅವಳನ್ನೇ ಕೇಳು."

ಕೇಳಿದೆ. ಈಗ ಅವಳಿಗೆ ಹತ್ತು ತುಂಬಿದೆ, ಎಲ್ಲದಕ್ಕೂ ಉತ್ತರವಿದೆ. "ಅತ್ತೆ ಗುಹೆ ತೋರಿಸ್ತಾಳೆ ಅಂದ್ರೆ ರಜಕ್ಕೆ ಹೋಗ್ತೀನಿ. ಇರೋಕೆ ಹೋಗಲ್ಲ. ಅಲ್ಲಿ ನಂಗೆ ಯಾವಾಗ್ಲೂ ಬಾಯಾರಿಕೆ ಆಗ್ತಿತ್ತು." ಅಷ್ಟು ಹೇಳಿ ಆಡಲು ಓಡಿದಳು. ಅದುವರೆಗೆ ಅವಳು ಒಂದು ದಿನವೂ ಬಾಯಾರಿಕೆ ಎಂದು ನನ್ನೆದುರು ಹೇಳಿದವಳಲ್ಲ.

ರಜಕ್ಕೆ ಹೋಗಿಬರುವಷ್ಟು ಹಡಗು ಎಲ್ಲಿದೆ, ನಿನಗೇ ಗೊತ್ತು. ಆದ್ದರಿಂದ ಅವಳು ಬರುವುದಿಲ್ಲ. ನಾನೂ ಬರುವುದಿಲ್ಲ. ಇದನ್ನು ಬರೆಯಲು ಮೂರು ಹಾಳೆ ಹರಿದೆ.

ಈ ಮನೆಯನ್ನು ನೋಡಿಕೊಳ್ಳುತ್ತಿದ್ದೇನೆ. ಈ ವರ್ಷ ಇಲ್ಲಿ ಮಳೆಯೇ ಇಲ್ಲ. ಹೊಳೆ ಸಣ್ಣದಾಗಿ ಕಲ್ಲುಗಳ ನಡುವೆ ಹರಿಯುತ್ತಿದೆ, ಮರಗೆಣಸಿನ ಎಲೆ ಬಾಡಿದೆ. ನಿನ್ನ ಹೊಳೆಯ ಬಗ್ಗೆ ಅಷ್ಟು ಜಂಬ ಕೊಚ್ಚಿಕೊಂಡೆಯಲ್ಲ, ಬಂದು ನೋಡು ಎನ್ನೋಣ ಎಂದುಕೊಂಡೆ. ಆದರೆ ನಗು ಬರಲಿಲ್ಲ.

ನೀನು ಯಾವಾಗ ಬರುತ್ತೀಯ?

ತವಾಯಾ

---

ಬನಾಬಾ
11 ಫೆಬ್ರವರಿ 1983

ಪ್ರೀತಿಯ ತವಾಯಾನಿಗೆ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಸಿಟ್ಟು ನಿನ್ನ ಮೇಲಲ್ಲ. ರೂತಾಳ ಮೇಲೂ ಅಲ್ಲ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಮೋವಾಳನ್ನು ಗದರಿಸಬೇಡ. ಆ ವಯಸ್ಸಿನಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ, ಎತ್ತಿ ಹಡಗಿಗೆ ಹಾಕಿದರು. ಅವಳನ್ನು ಕೇಳಿದೆಯಲ್ಲ, ಅದು ಒಳ್ಳೆಯದಾಯಿತು.

ಇಲ್ಲಿ ಈಗ ಮಳೆ. ನಂಬುತ್ತೀಯೋ ಇಲ್ಲವೋ, ತಿಂಗಳುಗಟ್ಟಲೆ ಸುರಿಯುತ್ತಿದೆ, ತೊಟ್ಟಿಗಳು ತುಂಬಿ ಚೆಲ್ಲುತ್ತಿವೆ, ಹುಡುಗರು ಸೂರಿನ ನೀರಿಗೆ ತಲೆಯೊಡ್ಡಿ ಸ್ನಾನ ಮಾಡುತ್ತಾರೆ. ಗುಹೆಯ ನೀರು ಈಗ ಯಾರಿಗೂ ಬೇಡ. ಅದಕ್ಕೇ ಈಗಲೇ ತೋರಿಸಿದೆ. ಬಾಯಿ ಒಣಗಿದ ಮೇಲೆ ಕಲಿಸಲು ಆಗುವುದಿಲ್ಲ.

ಯಾರಿಗೆ ಎಂದರೆ ನಿನಗೆ ಕೋಪ ಬರುತ್ತದೆ. ಟೆರೇಟಿಯಾಳಿಗೆ. ಅವಳು ಹೆದರಿಕೊಂಡಳು. "ಬೇಡಕ್ಕ, ಇದು ನಿಮ್ಮೋರ ಜಾಗ. ನಾಳೆ ನಿಮ್ಮ ತಮ್ಮನಿಗೆ ಗೊತ್ತಾದ್ರೆ?" ಎಂದಳು.

"ನನ್ನ ತಮ್ಮ ಇಲ್ಲಿಲ್ಲ," ಎಂದೆ. "ಅವನ ಹೆಂಡ್ತಿ ಮೆಟ್ಲ ಮೇಲೆ ನೀರಿಟ್ಟೋಳು ನೀನು. ಸುಮ್ನೆ ನನ್ನ ಕಾಲು ಹಿಡ್ಕೊಂಡು ಬಾ. ತಲೆ ಎತ್ತಬೇಡ, ಕಲ್ಲು ತಾಗುತ್ತೆ."

ಅವಳ ಹಿಂದೆ ಅವಳ ಇಬ್ಬರು ಹೆಣ್ಣುಮಕ್ಕಳು, ಅವರ ಹಿಂದೆ ನಮ್ಮವರದೇ ಮೂರು ಮನೆಯ ಹುಡುಗಿಯರು. ಅಜ್ಜಿಯ ಮಾತು ಮೀರಿದೆ. ಒಳಗೆ ಕೂತಾಗ, ಅಜ್ಜಿ ಎದುರಿಗೇ ಇದ್ದ ಹಾಗೆ, ಅವಳಿಗೆ ಅಷ್ಟನ್ನೂ ಗಟ್ಟಿಯಾಗಿ ಹೇಳಿದೆ, ಹುಡುಗಿಯರೆಲ್ಲ ಕೇಳಿಸಿಕೊಂಡರು. ಒಬ್ಬಳು ಕತ್ತಲಲ್ಲಿ "ಅಜ್ಜಿ ಏನಂದ್ರು?" ಎಂದು ಕೇಳಿದಳು. ಏನೂ ಅನ್ನಲಿಲ್ಲ ಎಂದೆ.

ನೀನು ಕೋಪ ಮಾಡಿಕೊಳ್ಳುವುದಾದರೆ ಮಾಡಿಕೋ, ಆದರೆ ಬರೆಯುವುದನ್ನು ನಿಲ್ಲಿಸಬೇಡ. ಮಗುವಿಗೆ ಏನು ಹೆಸರಿಟ್ಟಿರಿ, ಎರಡು ಕಾಗದದಲ್ಲೂ ಬರೆದಿಲ್ಲ.

ಮುಂದಿನ ಹಡಗಿನಲ್ಲಿ ಸೋಪು, ಸೂಜಿ, ದಪ್ಪ ಗಾಜಿನ ಲಾಟೀನು ಕಳಿಸು. ತಗಡು ಹೊಡೆಯುವಾಗ ಬೆಟ್ಟದ ಕಡೆಯ ಗೋಡೆಗೆ ಎರಡು ಪದರ ಹೊಡೆ, ನೀರು ಬರುವುದು ಅಲ್ಲಿಂದಲೇ. ನನ್ನ ಮಂಚ ಒಳ್ಳೆಯ ಮರದ್ದು, ಆ ಒದ್ದೆ ಮೂಲೆಯಲ್ಲಿ ಬಿಡಬೇಡ. ಹೊರಗೆ ತೆಗೆದು ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಮುಂದಿನ ಕೋಣೆಗೆ ತಂದು ಮೋವಾಳಿಗೆ ಕೊಡು. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ನೆಲದ ಮೇಲೆ ಮಲಗುವುದು ಇನ್ನು ಸಾಕು.

ನಿನ್ನ ಅಕ್ಕ,
ಟೆಬೋರಾ